ಹಕ್ಕಿಗಳಿಗೆ ಯಾವ ಕಾಫಿ ಒಳ್ಳೆಯದು? ತೋಟ, ಮುದ್ರೆ, ಮರಗಳ ಹೋಲಿಕೆ

ಕಾಫಿ ಪ್ಯಾಕೆಟ್ಟಿನ ಮೇಲೆ ‘ನೆರಳಿನಲ್ಲಿ ಬೆಳೆದದ್ದು’ ಎಂದು ಕಂಡರೆ ಹಕ್ಕಿ ಪ್ರೀತಿಸುವವರ ಕೈ ಅದರ ಕಡೆಗೇ ಹೋಗುತ್ತದೆ. ಒಳ್ಳೆಯದೇ. ಆದರೆ ಅಷ್ಟರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆಕಾಶ ಮುಟ್ಟುವ ಕಾಡುಮರಗಳ ಕೆಳಗೆ, ಪಾಚಿ ಹಿಡಿದ ಕೊಂಬೆಗಳ ಅಡಿಯಲ್ಲಿ ಬೆಳೆದದ್ದೂ ನೆರಳಿನ ಕಾಫಿ. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟು, ವರ್ಷಕ್ಕೊಮ್ಮೆ ತಲೆ ಬೋಳಿಸಿ, ಅಲ್ಲಲ್ಲಿ ಬಿದ್ದ ನೆರಳಿನಲ್ಲಿ ಬೆಳೆದದ್ದೂ ನೆರಳಿನ ಕಾಫಿಯೇ. ಹಕ್ಕಿಗಳ ಲೆಕ್ಕದಲ್ಲಿ ಇವೆರಡಕ್ಕೂ ಅಜಗಜಾಂತರ.

ಹಾಗಾಗಿ ನೆರಳು ಇದೆಯೋ ಇಲ್ಲವೋ ಎಂದು ಕೇಳಿ ಸುಮ್ಮನಾದರೆ ಸಾಲದು. ಮರ ಎಷ್ಟು ಎತ್ತರ? ಎಷ್ಟು ಜಾತಿ? ಮೇಲಿನಿಂದ ನೆಲದವರೆಗೆ ಎಷ್ಟು ಪದರ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೇ ಇಲ್ಲಿ ತೋಟಗಳನ್ನು, ಪ್ಯಾಕೆಟ್ಟಿನ ಮೇಲಿನ ಪ್ರಮಾಣಪತ್ರದ ಮುದ್ರೆಗಳನ್ನು, ಕಾಫಿಯ ಬಗೆಗಳನ್ನು ಹೋಲಿಸಿದ್ದೇನೆ. ಮುಖ್ಯವಾಗಿ ಇದು ಕೊಳ್ಳುವವರಿಗೆ. ತೋಟ ಇರುವವರಿಗಾಗಿ ಕೊನೆಯ ಕಡೆ ಮರಗಳ ಮಾತೂ ಇದೆ.

ನೆರಳು ಹೋಗಿದ್ದು ಹೇಗೆ

ಅರೇಬಿಕಾ ಕಾಫಿ ಮೂಲತಃ ಇಥಿಯೋಪಿಯಾದ ನೈಋತ್ಯ ಭಾಗದ ಬೆಟ್ಟಗಾಡಿನ ಗಿಡ. ದೊಡ್ಡ ಮರಗಳ ಕೆಳಗೆ, ಅರೆಬೆಳಕಿನಲ್ಲಿ ಬೆಳೆಯುವುದೇ ಅದರ ಸ್ವಭಾವ. ಹೀಗಾಗಿ ಜಗತ್ತಿನ ಬಹಳ ಕಡೆ ಅದನ್ನು ಮರಗಳ ಅಡಿಯಲ್ಲೇ ಬೆಳೆಸುತ್ತಾ ಬಂದರು.

1970ರಲ್ಲಿ ಎಲೆತುಕ್ಕು ರೋಗ ಬ್ರೆಜಿಲ್‌ಗೆ ಕಾಲಿಟ್ಟಿತು. ಅದು ತೇವ ಇದ್ದ ಕಡೆ ಹರಡುವ ಶಿಲೀಂಧ್ರ. ಮರ ಕಡಿದು ಬಿಸಿಲು ಬಿಟ್ಟರೆ ಎಲೆ ಬೇಗ ಒಣಗುತ್ತದೆ, ರೋಗ ತಗ್ಗುತ್ತದೆ ಎಂಬ ವಾದ ಆಗ ಎದ್ದಿತು. ಜೊತೆಗೆ ಗಿಡ್ಡ ತಳಿಗಳು ಬಂದವು, ಒತ್ತೊತ್ತಾಗಿ ನೆಡುವುದು ಬಂತು, ಗೊಬ್ಬರ ಮತ್ತು ಔಷಧಿಯ ಪ್ರಮಾಣ ಏರಿತು. ಸರ್ಕಾರಗಳೂ ವಿದೇಶಿ ನೆರವಿನ ಸಂಸ್ಥೆಗಳೂ ಇದಕ್ಕೆ ದುಡ್ಡು ಕೊಟ್ಟವು. ಮೆಕ್ಸಿಕೋದಿಂದ ಕೊಲಂಬಿಯಾವರೆಗಿನ ಕಾಫಿ ಪ್ರದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 1990ರ ಹೊತ್ತಿಗೆ ಈ ಹೊಸ ದಾರಿ ಹಿಡಿದಿತ್ತು.

ಅದು ಅಲ್ಲಿಗೇ ನಿಲ್ಲಲಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ನೋಡಿ. ಹಲವು ಜಾತಿಯ ಮರಗಳ ಸಾಂಪ್ರದಾಯಿಕ ನೆರಳಿನಲ್ಲಿದ್ದ ಕಾಫಿ ಪ್ರದೇಶ 1996ರಲ್ಲಿ ಶೇ. 43ರಷ್ಟಿತ್ತು. 2010ಕ್ಕೆ ಅದು ಶೇ. 24ಕ್ಕೆ ಇಳಿದಿತ್ತು. ನೆರಳೇ ಇಲ್ಲದ ಕಾಫಿ ಶೇ. 41. ಮಿಕ್ಕದ್ದು ತೆಳು ನೆರಳಿನದ್ದು. ಹದಿನಾಲ್ಕು ವರ್ಷದಲ್ಲಿ ಇಷ್ಟೊಂದು ಮರ ಹೋಗಿದೆ ಎಂದರೆ ಅವುಗಳ ಮೇಲೆ ಕೂರುತ್ತಿದ್ದ, ಗೂಡು ಕಟ್ಟುತ್ತಿದ್ದ ಹಕ್ಕಿಗಳು ಎಲ್ಲಿಗೆ ಹೋಗಬೇಕು?

ಐದು ಬಗೆಯ ತೋಟಗಳು

ಮೆಕ್ಸಿಕೋದ ತೋಟಗಳನ್ನು ಗಮನಿಸಿ ಅಲ್ಲಿನ ಇಬ್ಬರು ಸಂಶೋಧಕರು 1999ರಲ್ಲಿ ಕಾಫಿ ತೋಟಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಬೇರೆ ದೇಶಗಳ ತೋಟಗಳನ್ನು ಅಳೆಯುವುದಕ್ಕೂ ಅದು ಅನುಕೂಲ.

ಮೊದಲನೆಯದು ಕಾಡುತೋಟ. ಕಾಡಿನ ಮರಗಳನ್ನು ಹಾಗೇ ಉಳಿಸಿ, ಕೆಳಗಿನ ಕುರುಚಲು ಸವರಿ ಕಾಫಿ ಇಟ್ಟಿರುತ್ತಾರೆ. ಎರಡನೆಯದು ಸಾಂಪ್ರದಾಯಿಕ ಮಿಶ್ರತೋಟ. ಕಾಡುಮರಗಳ ನಡುವೆ ಮನೆಬಳಕೆಯ ಹಣ್ಣು, ಮಸಾಲೆ, ಔಷಧಿಯ ಗಿಡಮರ ಸೇರಿಸಿರುತ್ತಾರೆ. ಮೂರನೆಯದು ವಾಣಿಜ್ಯ ಮಿಶ್ರತೋಟ. ಇಲ್ಲಿ ಕಾಡುಮರಗಳು ಹೋಗಿ, ಬೇಗ ಬೆಳೆಯುವ ಕೆಲವೇ ಜಾತಿಯ ನೆರಳಿನ ಮರಗಳೂ ಮಾರಾಟಕ್ಕೆ ಬೆಳೆದ ಬಾಳೆ, ಕಿತ್ತಳೆಯಂಥವೂ ಇರುತ್ತವೆ. ನಾಲ್ಕನೆಯದರಲ್ಲಿ ನೆರಳಿಗೆ ಒಂದೇ ಜಾತಿಯ ಮರ. ಐದನೆಯದು ಬಟಾಬಯಲು, ಕಾಫಿ ಬಿಟ್ಟರೆ ಬೇರೇನಿಲ್ಲ.

ಹಕ್ಕಿಗಳ ಮಟ್ಟಿಗೆ ದೊಡ್ಡ ಕಂದಕ ಇರುವುದು ಎರಡಕ್ಕೂ ಮೂರಕ್ಕೂ ನಡುವೆ ಎಂಬುದು ನನ್ನ ಅಭಿಪ್ರಾಯ. ಕಾಡುಮರಗಳು ಉಳಿದಿವೆಯೋ ಹೋಗಿವೆಯೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮೂರನೆಯದರಲ್ಲಿ ಊರ ಸುತ್ತಮುತ್ತಲಿನ ಹಕ್ಕಿಗಳು ಧಾರಾಳವಾಗಿ ಸಿಗುತ್ತವೆ. ಕಾಡನ್ನೇ ನಂಬಿದವು ಕಡಿಮೆ. ನಾಲ್ಕನೆಯದು ಐದನೆಯದಕ್ಕಿಂತ ಮೇಲು, ನಿಜ. ಆದರೆ ಅದನ್ನೇ ‘ಹಕ್ಕಿಗಳ ಸ್ವರ್ಗ’ ಎಂದು ಮಾರುವುದು ಸರಿಯಲ್ಲ.

ಯಾಕೆ ಹೀಗೆ? ಹಕ್ಕಿಗಳು ತೋಟವನ್ನು ಎತ್ತರಕ್ಕೆ ತಕ್ಕಂತೆ ಹಂಚಿಕೊಂಡು ಬದುಕುತ್ತವೆ. ಮರದ ನೆತ್ತಿಯಲ್ಲಿ ಗಿಳಿ, ಕಾಡುಪಾರಿವಾಳ, ಹಣ್ಣು ತಿನ್ನುವ ದೊಡ್ಡ ಹಕ್ಕಿಗಳು. ಕಾಂಡದ ಮೇಲೆ ಮರಕುಟಿಗ. ನಡುಮಟ್ಟದ ಒಣಕೊಂಬೆಯ ತುದಿಯಲ್ಲಿ ಕಾಜಾಣ ಕೂತು, ಹಾರುವ ಹುಳ ಕಂಡೊಡನೆ ಎಗರುತ್ತದೆ. ಕಾಫಿ ಗಿಡದ ಎಲೆ ಎಲೆಯನ್ನೂ ತಡಕಾಡುವುದು ಪುಟಾಣಿ ಉಲಿಯಕ್ಕಿಗಳ ಕೆಲಸ. ಕೆಳಗೆ ತರಗೆಲೆ ಮಗುಚಿ ಮಗುಚಿ ಹುಳ ಹೆಕ್ಕುವುದು ನವರಂಗದಂಥವು. ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ನವರಂಗಕ್ಕೆ ಬೇಕಾದ್ದು ತೇವದ ನೆಲ, ಕೊಳೆಯುವ ಎಲೆ, ತಲೆಯ ಮೇಲೊಂದು ಮರೆ. ತರಗೆಲೆ ಗುಡಿಸಿ ಕಳೆನಾಶಕ ಹೊಡೆದ ತೋಟದಲ್ಲಿ ಮೇಲೆ ಎಷ್ಟೇ ನೆರಳಿರಲಿ, ಅದಕ್ಕೆ ಊಟವಿಲ್ಲ. ಒಂದು ಪದರ ತೆಗೆದರೆ ಆ ಪದರದ ಹಕ್ಕಿಗಳೆಲ್ಲ ಜಾಗ ಖಾಲಿ ಮಾಡುತ್ತವೆ.

ಪದರ ಎಂದರೆ ಬರೀ ಮರಗಳಲ್ಲ. ಹಳೆಯ ಮರದ ತೊಗಟೆ ನೋಡಿದ್ದೀರಲ್ವಾ? ಪಾಚಿ, ಜರೀಗಿಡ, ಸೀತಾಳೆ ದಂಡೆಯಂಥ ಅಪ್ಪುಸಸ್ಯಗಳು ತುಂಬಿರುತ್ತವೆ. ‘ತೋಟ ಅಚ್ಚುಕಟ್ಟಾಗಿರಲಿ’ ಎಂದು ಇವನ್ನು ಕೆರೆದು ತೆಗೆಯುವವರಿದ್ದಾರೆ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಸಂಶೋಧಕರು ತೋಟದ ಕೆಲವು ಭಾಗಗಳಲ್ಲಿ ಮರಗಳ ಮೇಲಿನ ಅಪ್ಪುಸಸ್ಯಗಳನ್ನು ತೆಗೆಸಿದರು, ಕೆಲವು ಭಾಗಗಳನ್ನು ಹಾಗೇ ಬಿಟ್ಟರು. ಮರಗಳು ಅವೇ, ನೆರಳೂ ಇತ್ತು. ಆದರೂ ತೆಗೆದ ಭಾಗಗಳಲ್ಲಿ ಹಕ್ಕಿಗಳ ಸಂಖ್ಯೆಯೂ ಜಾತಿಗಳೂ ಕಡಿಮೆಯಾದವು. ಆ ಹಸಿರು ಕಂತೆಗಳಲ್ಲಿ ನೀರು ನಿಲ್ಲುತ್ತದೆ, ಹುಳ ಸೇರುತ್ತವೆ, ಗೂಡಿಗೆ ಬೇಕಾದ ಮೆತ್ತನೆ ನಾರು ಸಿಗುತ್ತದೆ. ಕೆಲವು ಹಕ್ಕಿಗಳು ಅದರೊಳಗೇ ಗೂಡು ಮಾಡುತ್ತವೆ.

ಒಣಮರದ ಕಥೆಯೂ ಹೀಗೇ. ಮರಕುಟಿಗವೋ ಕುಟ್ರುಹಕ್ಕಿಯೋ ಮೆದುವಾದ ಕಾಂಡದಲ್ಲಿ ಪೊಟರೆ ಕೊರೆಯುತ್ತದೆ. ಒಂದು ಸಂಸಾರ ಮುಗಿಸಿ ಹೊರಡುತ್ತದೆ. ಆಮೇಲೆ ಅದೇ ಪೊಟರೆಗೆ ಗಿಳಿ, ಮೈನಾ, ಪುಟ್ಟ ಗೂಬೆ ಬರುತ್ತವೆ. ತಾವೇ ಕೊರೆಯಲಾರದ ಇಂಥ ಹಕ್ಕಿಗಳಿಗೆ ಒಂದು ಒಣಮರ ಎಂದರೆ ಬಹಳ ದೊಡ್ಡ ಆಸ್ತಿ. ಕೆಲಸದವರ ಮೇಲೆ ಬೀಳುವ ಅಪಾಯವಿಲ್ಲದ ಕಡೆ ಅದನ್ನು ನಿಲ್ಲಲು ಬಿಡಬೇಕು.

ಕಾಡಿಗೆ ಸಮವೇ?

ಸಮ ಅಲ್ಲ. ಇದನ್ನು ಬಿಡಿಸಿ ಹೇಳಲೇಬೇಕು. ಕಾಡಿನ ನೆಲದ ಹತ್ತಿರ ಓಡಾಡುತ್ತಾ ಹುಳ ಹಿಡಿಯುವ ಹಕ್ಕಿಗಳು ತುಂಬಾ ಸೂಕ್ಷ್ಮ. ಒಳ್ಳೆಯ ಕಾಡುತೋಟದಲ್ಲೂ ಅವು ಕಾಡಿನಷ್ಟು ಇರುವುದಿಲ್ಲ. ಇಥಿಯೋಪಿಯಾದ ತೋಟಗಳಲ್ಲಿ ಒಟ್ಟು ಜಾತಿಗಳಿಗೆ ಬರವಿಲ್ಲ. ಆದರೂ ಇಂಥ ಹಕ್ಕಿಗಳು ಅಲ್ಲಿ ಪಕ್ಕದ ಕಾಡಿನಲ್ಲೇ ಜಾಸ್ತಿ ಕಂಡವು. ಪಶ್ಚಿಮ ಘಟ್ಟದ ಆನೆಮಲೆಯ ಅಧ್ಯಯನಗಳು ಇನ್ನೊಂದು ವಿಷಯ ತೋರಿಸಿವೆ. ತೋಟದಲ್ಲಿ ಮಳೆಕಾಡಿನ ಹಕ್ಕಿಗಳು ಎಷ್ಟು ಎಂಬುದು ತೋಟದ ಮರಗಳ ಜೊತೆಗೆ ಪಕ್ಕದಲ್ಲಿ ಕಾಡು ಉಳಿದಿದೆಯೇ ಎಂಬುದರ ಮೇಲೂ ನಿಂತಿದೆ.

ಆದ್ದರಿಂದ ಕಾಡು ಕಡಿದು ಹೊಸದಾಗಿ ಮಾಡಿದ ‘ನೆರಳಿನ ತೋಟ’ವನ್ನು ಹಕ್ಕಿಸ್ನೇಹಿ ಎನ್ನಲಾಗದು. ಆಗಲೇ ತೋಟವಾಗಿರುವ ಜಾಗದಲ್ಲಿ ನೆರಳು ಇರಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನೆರಳಿಗೆ ನನ್ನ ಓಟು. ಕೆಲವು ಹಕ್ಕಿಗಳಿಗಂತೂ ಅದು ಜೀವದ ಪ್ರಶ್ನೆ. ಸೆರೂಲಿಯನ್ ವಾರ್ಬ್ಲರ್ ಎಂಬ ನೀಲಿ ಹಕ್ಕಿ ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಆಂಡೀಸ್ ಬೆಟ್ಟಗಳಿಗೆ ಬರುತ್ತದೆ. ಬೆಟ್ಟದ ಯಾವ ಎತ್ತರ ಅದಕ್ಕೆ ಹಿತವೋ ಅದೇ ಎತ್ತರ ಕಾಫಿಗೂ ಹಿತ. ಅಲ್ಲಿನ ಕಾಡು ಬಹಳಷ್ಟು ಹೋಗಿದೆ. ಉಳಿದಿರುವ ಮರಗಳೆಂದರೆ ಎಷ್ಟೋ ಕಡೆ ಕಾಫಿ ತೋಟದವೇ. ವೆನೆಜುವೆಲಾದ ನೆರಳಿನ ತೋಟಗಳಲ್ಲಿ ಈ ಹಕ್ಕಿ ಪಕ್ಕದ ಕಾಡಿಗಿಂತಲೂ ಹಲವು ಪಟ್ಟು ದಟ್ಟವಾಗಿ ಕಂಡಿದೆ.

ಹಕ್ಕಿಗಳು ತೋಟಕ್ಕೆ ಕೊಡುವುದೇನು

ಬೆಳೆಗಾರರು ‘ಹಕ್ಕಿಗಾಗಿ ನಾನೇಕೆ ಮರ ಇಟ್ಟುಕೊಳ್ಳಲಿ’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಒಂದು ಕಾಯಿಯೊಳಗೆ ಇದೆ.

ಕಾಯಿಕೊರಕ, ಅಂದರೆ ಬೆರ್ರಿ ಬೋರರ್, ಒಂದೂವರೆ ಮಿಲಿಮೀಟರ್ ಉದ್ದದ ಕಪ್ಪು ಜೀರುಂಡೆ. ಹೆಣ್ಣು ಕಾಯಿಯ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಕೊರೆದು ಒಳಹೋಗುತ್ತದೆ. ಬೀಜದೊಳಗೇ ಮೊಟ್ಟೆ ಇಡುತ್ತದೆ. ಮರಿಹುಳುಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಒಂದು ಸಲ ಒಳಗೆ ಹೋದರೆ ಹೊರಗೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಅದು ಬಯಲಿಗೆ ಬರುವುದು ಹೊಸ ಕಾಯಿ ಹುಡುಕಿಕೊಂಡು ಹೊರಟಾಗ. ಗಿಡದಲ್ಲಿ ಸಣ್ಣ ಹಕ್ಕಿಗಳಿದ್ದರೆ ಆ ಹೊತ್ತಿನಲ್ಲೇ ಹಿಡಿದು ನುಂಗುತ್ತವೆ.

ಇದು ಬರೀ ಊಹೆಯಲ್ಲ. ಜಮೈಕಾದ ಬ್ಲೂ ಮೌಂಟನ್ಸ್ ತೋಟಗಳಲ್ಲಿ ಕೆಲವು ಕಾಫಿ ಗಿಡಗಳಿಗೆ ಹಕ್ಕಿ ಬಾರದಂತೆ ಬಲೆ ಹೊದಿಸಿದರು. ಬಲೆಯೊಳಗಿನ ಗಿಡಗಳಲ್ಲಿ ಕೊರಕದ ಕಾಟ ಹೆಚ್ಚಾಯಿತು. ಅಲ್ಲಿ ಕೊರಕ ತಿನ್ನುವ ಮುಖ್ಯ ಹಕ್ಕಿಗಳು ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದ ವಾರ್ಬ್ಲರ್‌ಗಳು. ಕೋಸ್ಟರಿಕಾದಲ್ಲಿ ಇನ್ನೊಂದು ತಂಡ ಹಕ್ಕಿಗಳ ಹಿಕ್ಕೆಯಲ್ಲಿ ಕೊರಕದ ಡಿಎನ್‌ಎ ಹುಡುಕಿತು, ಸಿಕ್ಕಿತು. 2013ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಹಕ್ಕಿಗಳು ಕೊರಕದ ಹಾವಳಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ವರ್ಷಕ್ಕೆ ಹೆಕ್ಟೇರಿಗೆ 75ರಿಂದ 310 ಡಾಲರ್ ನಷ್ಟ ಅದರಿಂದ ತಪ್ಪುತ್ತದೆ.

2022ರ ಇನ್ನೊಂದು ಪ್ರಯೋಗವಂತೂ ನನಗೆ ತುಂಬಾ ಇಷ್ಟ. ಕೋಸ್ಟರಿಕಾದ 30 ತೋಟಗಳಲ್ಲಿ ಗಿಡಗಳನ್ನು ನಾಲ್ಕು ಬಗೆಯಲ್ಲಿ ಇಟ್ಟರು. ಕೆಲವಕ್ಕೆ ಹಕ್ಕಿ ಮಾತ್ರ, ಕೆಲವಕ್ಕೆ ಜೇನು ಮಾತ್ರ, ಕೆಲವಕ್ಕೆ ಎರಡೂ, ಕೆಲವಕ್ಕೆ ಎರಡೂ ಇಲ್ಲ. ಹಕ್ಕಿ ಮತ್ತು ಜೇನು ಎರಡೂ ಬಂದ ಗಿಡಗಳೇ ಎಲ್ಲಕ್ಕಿಂತ ಮುಂದಿದ್ದವು. ಹೆಚ್ಚು ಕಾಯಿ ಕಚ್ಚಿತು, ಕಾಯಿ ತೂಕ ಬಂತು, ಗಾತ್ರವೂ ಒಂದೇ ಸಮ. ಎರಡನ್ನೂ ತಡೆದರೆ ಇಳುವರಿ ಸುಮಾರು ಕಾಲುಭಾಗ ಕುಸಿಯಿತು. ಹೆಕ್ಟೇರಿಗೆ ಸಾವಿರ ಡಾಲರಿಗೂ ಹೆಚ್ಚು ನಷ್ಟ. ಹಕ್ಕಿಯದ್ದು ಬೇರೆ ಲಾಭ, ಜೇನಿನದ್ದು ಬೇರೆ ಲಾಭ ಎಂದು ಎರಡು ಲೆಕ್ಕ ಬರೆದು ಕೂಡಿಸಿದರೆ ಸಾಲದು, ಜೊತೆಯಲ್ಲಿದ್ದಾಗ ಅವು ಒಂದರ ಕೆಲಸಕ್ಕೆ ಇನ್ನೊಂದು ಬಲ ಕೊಡುತ್ತವೆ.

ಮುದ್ರೆಗಳಲ್ಲಿ ಯಾವುದನ್ನು ನಂಬಬೇಕು

ಕೊಳ್ಳುವವರಿಗೆ ತೋಟ ಕಾಣುವುದಿಲ್ಲ, ಮುದ್ರೆ ಕಾಣುತ್ತದೆ. ಒಂದೊಂದು ಮುದ್ರೆ ಒಂದೊಂದು ವಿಷಯ ಹೇಳುತ್ತದೆ. ಒಂದನ್ನು ನೋಡಿ ಇನ್ನೊಂದೂ ಇರಬಹುದು ಎಂದುಕೊಂಡರೆ ಮೋಸ ಹೋಗುತ್ತೇವೆ.

ಹಕ್ಕಿಗಳೇ ಮುಖ್ಯ ಎನ್ನುವವರಿಗೆ ಮೊದಲ ಆಯ್ಕೆ ‘ಬರ್ಡ್ ಫ್ರೆಂಡ್ಲಿ’. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಲಸೆಹಕ್ಕಿ ಕೇಂದ್ರ 1990ರ ದಶಕದಲ್ಲಿ ಇದನ್ನು ರೂಪಿಸಿತು. ಮಾಡಿದವರು ಹಕ್ಕಿಗಳನ್ನು ಅಧ್ಯಯನ ಮಾಡುವವರೇ, ಅದು ನಿಯಮಗಳಲ್ಲಿ ಗೊತ್ತಾಗುತ್ತದೆ. ತೋಟ ಮೊದಲು ಸಾವಯವ ಪ್ರಮಾಣ ಪಡೆದಿರಬೇಕು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಆದ ಮೇಲೂ ಎಲೆಚಪ್ಪರ ಕನಿಷ್ಠ ಶೇ. 40 ಉಳಿದಿರಬೇಕು. ನೆರಳಿನ ಮುಖ್ಯ ಮರಗಳು ಕನಿಷ್ಠ 12 ಮೀಟರ್ ಎತ್ತರ ಇರಬೇಕು. ಅವುಗಳ ಜೊತೆ ಇನ್ನೂ 10 ಜಾತಿಯ ಮರಗಳಾದರೂ ಬೇಕು. ಮುಖ್ಯ ಮರಗಳ ಮೇಲೊಂದು, ಕೆಳಗೊಂದು ಪದರವೂ ಇರಬೇಕು. ಹಳ್ಳ, ಹೊಳೆಗಳ ದಂಡೆಯ ಗಿಡಮರ ಮುಟ್ಟುವಂತಿಲ್ಲ. ನಾನು ಮೊದಲಿಗೆ ಹೇಳಿದ ಮೂರು ಪ್ರಶ್ನೆಗಳಿಗೂ ನೇರ ಉತ್ತರ ಕೊಡುವ ಮುದ್ರೆ ಇದು.

ಕೊರತೆ ಎಂದರೆ ಸಿಗುವುದು ಕಷ್ಟ. ಪ್ರಮಾಣಿತ ತೋಟಗಳು ಹೆಚ್ಚಾಗಿ ಲ್ಯಾಟಿನ್ ಅಮೆರಿಕದಲ್ಲಿವೆ. ಸಾವಯವ ಪ್ರಮಾಣಪತ್ರದ ಖರ್ಚು, ಕಾಗದಪತ್ರದ ಕೆಲಸ ಸಣ್ಣ ಬೆಳೆಗಾರರಿಗೆ ಭಾರ. ಹಾಗಾಗಿ ಮುದ್ರೆ ಇಲ್ಲದ ತೋಟವೆಲ್ಲ ಕೆಟ್ಟದ್ದು ಎಂದು ತಿಳಿಯಬಾರದು. ಮುದ್ರೆ ಕೇಳುವುದಕ್ಕಿಂತ ದಟ್ಟ ಮರಗಳಿರುವ ಎಷ್ಟೋ ತೋಟಗಳಿಗೆ ಯಾವ ಮುದ್ರೆಯೂ ಇಲ್ಲ.

ಹಸಿರು ಕಪ್ಪೆಯ ‘ರೇನ್‌ಫಾರೆಸ್ಟ್ ಅಲಯನ್ಸ್’ ಅಂಗಡಿಗಳಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. 2018ರಲ್ಲಿ ಇದೂ ‘ಯುಟಿಝಡ್’ ಎಂಬ ಇನ್ನೊಂದು ಮುದ್ರೆಯೂ ಒಂದಾದವು. 2020ರಲ್ಲಿ ಹೊಸ ನಿಯಮಾವಳಿ ಬಂತು. ಇದರ ವ್ಯಾಪ್ತಿ ದೊಡ್ಡದು: ಕೂಲಿಯವರ ಹಕ್ಕು, ನೀರು, ಮಣ್ಣು, ಕಾಡು ಕಡಿಯದಿರುವುದು. ನೆರಳಿನಲ್ಲಿ ಬೆಳೆಯಬಲ್ಲ ಕಾಫಿಯಂಥ ಬೆಳೆಗೆ ಜಮೀನಿನ ಶೇ. 15ರಷ್ಟು ನೈಸರ್ಗಿಕ ಗಿಡಮರ ಇರಬೇಕೆಂಬ ಗುರಿ ಇದೆ. ಅಲ್ಲಿಗೆ ಹಂತ ಹಂತವಾಗಿ ತಲುಪಬಹುದು. ಕೆಲವು ಕೀಟನಾಶಕಗಳಿಗೂ ಅವಕಾಶ ಉಂಟು. ಒಳ್ಳೆಯ ಮುದ್ರೆ, ಸಂಶಯವಿಲ್ಲ. ಆದರೆ ಇದು ಇದ್ದ ಮಾತ್ರಕ್ಕೆ ಕಾಫಿ ಹಲವು ಪದರದ ನೆರಳಿನಲ್ಲೇ ಬೆಳೆದಿದೆ ಎಂದು ಹೇಳಲಾಗದು.

ಸಾವಯವ ಮುದ್ರೆ ವಿಷದ ಬಗ್ಗೆ ಮಾತಾಡುತ್ತದೆ, ಮರದ ಬಗ್ಗೆ ಅಲ್ಲ. ಹುಳ ತಿಂದು ಬದುಕುವ ಹಕ್ಕಿಗೆ ವಿಷ ಇಲ್ಲದಿರುವುದು ಸಣ್ಣ ವಿಷಯವೇನಲ್ಲ. ಇನ್ನೊಂದು ಲಾಭವೂ ಇದೆ. ರಾಸಾಯನಿಕ ಗೊಬ್ಬರ ಹಾಕದವರು ಸಾಮಾನ್ಯವಾಗಿ ಸಾರಜನಕ ಹಿಡಿದು ಕೊಡುವ ಮರಗಳನ್ನು ಉಳಿಸಿಕೊಳ್ಳುತ್ತಾರೆ, ತರಗೆಲೆಯನ್ನು ಮಣ್ಣಿಗೇ ಬಿಡುತ್ತಾರೆ. ಹೀಗೆ ಅನೇಕ ಸಾವಯವ ತೋಟಗಳಲ್ಲಿ ನೆರಳು ತಾನಾಗಿ ಇರುತ್ತದೆ. ನಿಯಮದಲ್ಲಿ ಮಾತ್ರ ಅದು ಕಡ್ಡಾಯವಲ್ಲ.

‘ಫೇರ್‌ಟ್ರೇಡ್’ ಬೆಳೆಗಾರರ ಸಹಕಾರ ಸಂಘಗಳಿಗೆ ಕನಿಷ್ಠ ಬೆಲೆಯ ಭರವಸೆ ಕೊಡುವಂಥದ್ದು. ನೆರಳಿನ ಅಳತೆ ಅದರಲ್ಲಿಲ್ಲ. ಆದರೂ ಬೆಲೆ ಬಿದ್ದ ವರ್ಷ ಮರ ಮಾರಿ ಸಾಲ ತೀರಿಸುವ ಸ್ಥಿತಿ ಬೆಳೆಗಾರರಿಗೆ ಬರಬಾರದು. ಆ ಮಟ್ಟಿಗೆ ಇದೂ ಹಕ್ಕಿಗಳಿಗೆ ನೆರವೇ ಎಂದು ನಾನು ನಂಬುತ್ತೇನೆ.

ನನ್ನ ಕ್ರಮ ಹೀಗಿದೆ. ಬರ್ಡ್ ಫ್ರೆಂಡ್ಲಿ ಸಿಕ್ಕರೆ ಅದೇ. ಇಲ್ಲದಿದ್ದರೆ, ತನ್ನ ನೆರಳಿನ ಬಗ್ಗೆ ಬಿಡಿಸಿ ಹೇಳುವ ಒಂದೇ ತೋಟದ ಸಾವಯವ ಕಾಫಿ. ಅದೂ ಸಿಗದಿದ್ದರೆ ಹಸಿರು ಕಪ್ಪೆ. ಮುದ್ರೆ ಇಲ್ಲದೆ ಬರೀ ಹಕ್ಕಿಯ ಚಿತ್ರ ಹಾಕಿದ ಪ್ಯಾಕೆಟ್ ಕೊನೆಗೆ.

ಅರೇಬಿಕಾನೋ ರೊಬಸ್ಟಾನೋ

‘ಅರೇಬಿಕಾ ಎಂದರೆ ನೆರಳು, ರೊಬಸ್ಟಾ ಎಂದರೆ ಬಿಸಿಲು’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರೊಬಸ್ಟಾ ಬಿಸಿಲು ತಾಳುತ್ತದೆ, ತಗ್ಗಿನ ಜಾಗದಲ್ಲೂ ಬರುತ್ತದೆ. ವಿಯೆಟ್ನಾಂನ ರೊಬಸ್ಟಾ ಬಹುಪಾಲು ತೆರೆದ ಬಿಸಿಲಿನದ್ದು. ಆದರೆ ಬ್ರೆಜಿಲ್‌ನ ಅರೇಬಿಕಾ ಕೂಡ ಬಹುಪಾಲು ಬಿಸಿಲಿನದ್ದೇ. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಎರಡು ದೇಶಗಳು ಇವೇ. ಹಾಗಾಗಿ ಯಾವ ತೋಟದ್ದೆಂದು ಹೇಳದ ಅಗ್ಗದ ಮಿಶ್ರಣಗಳಲ್ಲಿ, ಇನ್‌ಸ್ಟಂಟ್ ಪುಡಿಗಳಲ್ಲಿ ಬಿಸಿಲಿನ ಕಾಫಿ ಸೇರಿರುವ ಸಂಭವ ಜಾಸ್ತಿ.

ಭಾರತದ ಪಶ್ಚಿಮ ಘಟ್ಟದಲ್ಲಿ ಎರಡೂ ಬಗೆಯನ್ನು ಮರಗಳ ಕೆಳಗೇ ಬೆಳೆಯುತ್ತಾರೆ. ಅಲ್ಲಿನ ಅರೇಬಿಕಾ ಮತ್ತು ರೊಬಸ್ಟಾ ತೋಟಗಳನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಕಾಡನ್ನು ಅವಲಂಬಿಸಿದ 79 ಜಾತಿಯ ಹಕ್ಕಿಗಳು ಆ ತೋಟಗಳಲ್ಲಿ ಸಿಕ್ಕವು. ನೀಲಗಿರಿ ಕಾಡುಪಾರಿವಾಳ, ಬೂದುತಲೆ ಪಿಕಳಾರ, ಅಲೆಕ್ಸಾಂಡ್ರಿನ್ ಗಿಳಿಯಂಥ ಅಪಾಯದ ಪಟ್ಟಿಯ ಹಕ್ಕಿಗಳೂ ಅವುಗಳಲ್ಲಿದ್ದವು. ಅರೇಬಿಕಾ ತೋಟಗಳಲ್ಲಿ ಚಪ್ಪರ ದಟ್ಟ, ಜಾತಿಗಳೂ ಹೆಚ್ಚು. ಆದರೆ ರೊಬಸ್ಟಾ ತೋಟಗಳಲ್ಲಿ ಹಣ್ಣು ತಿನ್ನುವ ಹಕ್ಕಿಗಳು ಚೆನ್ನಾಗಿಯೇ ಇದ್ದವು. ರೊಬಸ್ಟಾ ಎಂದ ಕೂಡಲೇ ಮೂಗು ಮುರಿಯುವ ಅಗತ್ಯವಿಲ್ಲ. ಯಾವ ತೋಟ ಎಂದು ನೋಡಿ.

ದೇಶದ ಹೆಸರು ಒಂದು ಸುಳಿವು ಮಾತ್ರ. ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಪೆರು ದೇಶಗಳ ಕಾಫಿಯಲ್ಲಿ ನೆರಳು ಸಿಗುವ ಸಾಧ್ಯತೆ ಹೆಚ್ಚು. ಕೊಲಂಬಿಯಾದಲ್ಲಿ ಎರಡೂ ಇದೆ.

ತೋಟ ಇರುವವರಿಗೆ: ಯಾವ ಮರ

ಹಕ್ಕಿಗಳಿಗೆ ಒಂದೇ ಒಂದು ಮರ ಉಳಿಸುತ್ತೇನೆ ಎಂದರೆ ಅತ್ತಿಯ ಬಳಗದ್ದು ಉಳಿಸಿ. ಅತ್ತಿ, ಬಸರಿ, ಗೋಣಿ, ಆಲ, ಯಾವುದಾದರೂ ಸರಿ. ಈ ಮರಗಳು ಎಲ್ಲವೂ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಒಂದರ ಸರದಿ ಮುಗಿದಾಗ ಇನ್ನೊಂದರದ್ದು ಬರುತ್ತದೆ. ಬೇರೆ ಹಣ್ಣು ಸಿಗದ ತಿಂಗಳುಗಳಲ್ಲೂ ಹಕ್ಕಿಗಳ ಹೊಟ್ಟೆ ತುಂಬುವುದು ಇವುಗಳಿಂದ. ಹಣ್ಣು ಬಿಟ್ಟ ಬಸರಿಯ ಕೆಳಗೆ ನಿಂತರೆ ಸಾಕು. ಮಂಗಟ್ಟೆ, ಕುಟ್ರುಹಕ್ಕಿ, ಪಿಕಳಾರ, ಹಸಿರು ಪಾರಿವಾಳ ಎಲ್ಲ ಅಲ್ಲೇ. ಹಣ್ಣಿನ ಚೂರು ತಲೆಯ ಮೇಲೆ ಉದುರುತ್ತಲೇ ಇರುತ್ತದೆ. ಮರಕ್ಕೆ ಬೆಲೆ ಇಲ್ಲ, ಜಾಗ ತಿನ್ನುತ್ತದೆ ಎಂದು ಅದನ್ನೇ ಮೊದಲು ಕಡಿಯುವುದು ನೋಡಿದರೆ ಸಂಕಟವಾಗುತ್ತದೆ.

ಸಿಲ್ವರ್ ಓಕ್ ಇದಕ್ಕೆ ತದ್ವಿರುದ್ಧ. ಆಸ್ಟ್ರೇಲಿಯಾದ ಈ ಮರ ಭಾರತದಲ್ಲೂ ಪೂರ್ವ ಆಫ್ರಿಕಾದಲ್ಲೂ ನೆರಳಿನ ಮರವಾಗಿ ಹರಡಿದೆ. ಬೆಳೆಗಾರರು ಅದನ್ನು ಸುಮ್ನೆ ಹಚ್ಚಿಕೊಂಡಿಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸೊಗಸು, ಕಷ್ಟ ಬಂದಾಗ ಕಡಿದು ಮಾರಬಹುದು. ಹೂ ಬಿಟ್ಟಾಗ ಮಕರಂದವೂ ಇದೆ. ಆದರೆ ಹಕ್ಕಿ ತಿನ್ನುವಂಥ ಹಣ್ಣಿಲ್ಲ, ಕವಲು ಕಡಿಮೆ, ಚಪ್ಪರ ಕಿರಿದು. ತೋಟದ ತುಂಬ ಅದೇ ಆದರೆ ಮೇಲೆ ಹೇಳಿದ ನಾಲ್ಕನೆಯ ಬಗೆಯ ತೋಟವಾಗುತ್ತದೆ. ಮೆಣಸಿಗೆ ಬೇಕಾದಷ್ಟು ಇರಲಿ, ಹಳೆಯ ಕಾಡುಮರದ ಜಾಗಕ್ಕೆ ಮಾತ್ರ ಬೇಡ.

ಹಾಲುವಾಣ ನಡುವಿನದ್ದು. ಗೂಟ ನೆಟ್ಟರೆ ಚಿಗುರುತ್ತದೆ, ಮಣ್ಣಿಗೆ ಸಾರಜನಕ ಕೊಡುತ್ತದೆ. ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಸೂರಕ್ಕಿ, ಮೈನಾ, ಕಾಜಾಣ ಎಲ್ಲ ಕೊಕ್ಕು ಅದ್ದಿ ಕುಡಿಯುತ್ತವೆ. ಕೆಳಪದರಕ್ಕೆ ಒಳ್ಳೆಯ ಮರ. ಲ್ಯಾಟಿನ್ ಅಮೆರಿಕದಲ್ಲಿ ಇಂಥದ್ದೇ ಕೆಲಸ ಮಾಡುವುದು ಇಂಗಾ ಜಾತಿಯ ಮರಗಳು. ಜಮೈಕಾದ ಒಂದೇ ತೋಟದಲ್ಲಿ ಇಂಗಾ ಮರವನ್ನೂ ಇನ್ನೊಂದು ನೆರಳಿನ ಮರವನ್ನೂ ಹೋಲಿಸಿದಾಗ ಇಂಗಾದಲ್ಲಿ ಹುಳುಗಳೂ ಹೆಚ್ಚು, ಹಕ್ಕಿಗಳೂ ಹೆಚ್ಚು ಕಂಡವು. ಮರದ ಜಾತಿ ಮುಖ್ಯ ಎನ್ನುವುದು ಇದಕ್ಕೇ.

ಇಳುವರಿ ಬೀಳುವುದಿಲ್ಲವೇ? ಮೆಕ್ಸಿಕೋದ ಚಿಯಾಪಾಸ್‌ನ ಸಣ್ಣ ತೋಟಗಳ ಅಧ್ಯಯನದಲ್ಲಿ ಶೇ. 23ರಿಂದ 38ರವರೆಗಿನ ನೆರಳಿನಲ್ಲಿ ಇಳುವರಿ ಚೆನ್ನಾಗಿತ್ತು. ಶೇ. 50 ದಾಟಿದ ಮೇಲೆ ಕುಸಿಯಿತು. ಬರ್ಡ್ ಫ್ರೆಂಡ್ಲಿ ಕೇಳುವುದು 40. ಹಕ್ಕಿಗೂ ಬೆಳೆಗಾರರಿಗೂ ಹಿತವಾಗುವ ಅಳತೆಗಳು ಹೀಗೆ ಅಕ್ಕಪಕ್ಕದಲ್ಲೇ ಇವೆ. ಬಿಸಿಲು ಜಾಸ್ತಿಯಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟವೂ ಏರುತ್ತದೆ, ಆ ಜೀರುಂಡೆಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ.

ನೆರಳು ಅತಿಯಾದರೂ ತೊಂದರೆಯೇ. ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ ಬರುತ್ತದೆ. ಹಾಗಾಗಿ ಮರಗಸಿ ಬೇಕು. ಆದರೆ ಮಾಡುವ ಹೊತ್ತು ನೋಡಿ. ಗೂಡಿನಲ್ಲಿ ಮರಿ ಇರುವ ತಿಂಗಳಲ್ಲಿ ತೋಟದ ಅಷ್ಟೂ ಮರಗಳನ್ನು ಒಟ್ಟಿಗೆ ಬೋಳಿಸಬೇಡಿ. ಕೊಂಬೆ ಕಡಿಯುವ ಮುನ್ನ ಒಮ್ಮೆ ಕತ್ತೆತ್ತಿ ನೋಡಲು ಕೆಲಸದವರಿಗೆ ಹೇಳಿ. ಎತ್ತರದ ಮರಗಳ ತುದಿ ಬಿಟ್ಟು ಕೆಳಗಿನ ಕೊಂಬೆ ಮಾತ್ರ ತೆಗೆದರೆ ಗಾಳಿಬೆಳಕೂ ಸಿಗುತ್ತದೆ, ನೆತ್ತಿಯ ಹಕ್ಕಿಗಳಿಗೂ ತೊಂದರೆಯಿಲ್ಲ.

ಮುದ್ರೆ ಇಲ್ಲದಾಗ ಏನು ಕೇಳಬೇಕು

ಈಗ ಎಷ್ಟೋ ತೋಟದವರು ನೇರವಾಗಿ ಮಾರುತ್ತಾರೆ, ಒಂದು ಸಂದೇಶ ಕಳಿಸಿದರೆ ಉತ್ತರ ಬರುತ್ತದೆ. ‘ನೆರಳಿನ ಕಾಫಿನಾ?’ ಎಂದು ಕೇಳಬೇಡಿ. ‘ಹೌದು’ ಎನ್ನುವುದು ಬಿಟ್ಟು ಬೇರೆ ಉತ್ತರ ಸಿಗದು. ‘ನಿಮ್ಮ ತೋಟದಲ್ಲಿ ಯಾವ ಯಾವ ಮರಗಳಿವೆ?’ ಎಂದು ಕೇಳಿ. ಮರಗಳನ್ನು ಉಳಿಸಿಕೊಂಡವರು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಎರಡು ಹೆಸರಿಗೇ ನಿಂತರೆ ಅದರಲ್ಲೇ ಉತ್ತರವಿದೆ. ಕಳೆನಾಶಕ ಹೊಡೆಯುತ್ತೀರಾ ಎಂದೂ ಕೇಳಿ. ಕಾಡು ಹತ್ತಿರದಲ್ಲಿದೆಯೇ, ಹಳ್ಳದ ದಂಡೆ ಹೇಗಿದೆ ಎಂದೂ ವಿಚಾರಿಸಬಹುದು.

ತೋಟದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕಾಫಿ ಹಣ್ಣಿನ ಹತ್ತಿರದ ಚಿತ್ರದಿಂದ ಏನೂ ತಿಳಿಯದು, ದೂರದಿಂದ ತೆಗೆದ ಇಡೀ ತೋಟದ ಚಿತ್ರ ಕೇಳಿ. ಮರಗಳ ತಲೆ ಒಂದೇ ಎತ್ತರಕ್ಕೆ ಇವೆಯೋ, ಏರಿಳಿತ ಇದೆಯೋ ನೋಡಿ. ಕಾಂಡಗಳು ಸಾಲು ಹಿಡಿದಿವೆಯೋ, ಚದುರಿವೆಯೋ ನೋಡಿ. ತೊಗಟೆಯ ಮೇಲೆ ಪಾಚಿ, ಜರೀಗಿಡ ಇದ್ದರೆ, ನೆಲದಲ್ಲಿ ಮಣ್ಣಿನ ಬದಲು ತರಗೆಲೆ ಕಂಡರೆ, ನಡುವೆ ಒಂದಾದರೂ ಒಣಮರ ನಿಂತಿದ್ದರೆ ಆ ಕಾಫಿಯನ್ನು ಧೈರ್ಯವಾಗಿ ಕೊಳ್ಳಿ. ಕೊಂಡ ಮೇಲೆ ಯಾಕೆ ಕೊಂಡಿರಿ ಎಂದು ಅವರಿಗೆ ಬರೆದು ತಿಳಿಸಿ. ಮುಂದಿನ ಮರಗಸಿಗೆ ಯಾವ ಮರ ಉಳಿಸಬೇಕು ಎಂದು ತೀರ್ಮಾನಿಸುವವರು ಅವರೇ.